‘ಬೇವರ್ಸಿ’ ಅಂತ ಹೆಸರಿಟ್ಟುಕೊಂಡ ಬೆಂಗಳೂರಿನ ಬ್ಯಾಂಡ್

ಇವತ್ತಿನ ಮಾತು ಹೆವಿ ಮೆಟಲ್ ಬಗ್ಗೆ. ಆದರೆ ಶುರು ಮಾಡೋದು ಒಂದು ಪದದಿಂದ.

ತುರ್ಭೆಯಲ್ಲಿ ಇರುವ ಕನ್ನಡಿಗರಿಗೆ ಮರಾಠಿಯ ‘ಬೇವಾರಸ್’ ಗೊತ್ತಿರುತ್ತೆ. ಬೇವಾರಸ್ ವಸ್ತು ಕಂಡರೆ ಮುಟ್ಟಬೇಡಿ ಅಂತ ಸೂಚನೆ ಕೊಡ್ತಾರಲ್ಲ, ಅದೇ. ‘ಬೇ’ ಅಂದರೆ ಇಲ್ಲ, ‘ವಾರಿಸ್’ ಅಂದರೆ ವಾರಸುದಾರ. ಯಾರೂ ನಮ್ಮದು ಅಂತ ಹೇಳದ ಸಾಮಾನು. ಇದೇ ಪದ ಕನ್ನಡದಲ್ಲಿ ‘ಬೇವರ್ಸಿ’ ಆಗಿ, ಅಪ್ಪಟ ಬೈಗುಳವಾಗಿ ಕೂತಿದೆ. ಬೆಂಗಳೂರಿನ ಒಂದು ಮೆಟಲ್ ಬ್ಯಾಂಡ್ ಆ ಬೈಗುಳವನ್ನೇ ಎರಡು ತುಂಡು ಮಾಡಿ, ಇಂಗ್ಲಿಷ್ ಹೆಸರಿನ ಹಾಗೆ ‘ಬೇವರ್ ಸೀ’ ಅಂತ ಇಟ್ಟುಕೊಂಡಿತು. ಕನ್ನಡ ಬಾರದವರಿಗೆ ಅದು ಯಾವುದೋ ಸಮುದ್ರದ ಹೆಸರು. ನಮಗೆ ಮಾತ್ರ ನಗು ಬರುತ್ತೆ.

ಆ ಹೆಸರು ಯಾಕೆ ಅಷ್ಟು ಸರಿಯಾಗಿ ಕೂರುತ್ತೆ ಅಂತ ತಿಳಿಯೋಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕತ್ತರಿಸಿದ ಬೆರಳು

1965, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್. 17 ವರ್ಷದ ಟೋನಿ ಐಯೋಮಿ ತಗಡಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಕೆಲಸ ಬಿಡುವ ಕೊನೆಯ ದಿನವೇ ಬಲಗೈಯ ಎರಡು ಬೆರಳುಗಳ ತುದಿ ಯಂತ್ರಕ್ಕೆ ಸಿಕ್ಕಿ ಹೋದವು. ಅವನು ಎಡಚ, ಗಿಟಾರಿನ ತಂತಿ ಒತ್ತೋದು ಬಲಗೈಯಲ್ಲೇ. ಇಲ್ಲಿ ಠಾಣೆ–ಬೇಲಾಪುರ ರಸ್ತೆಯ ಎಂಐಡಿಸಿಯಲ್ಲಿ ಪ್ರೆಸ್ ಮಷೀನ್ ಮುಂದೆ ನಿಂತು ದುಡಿಯುವವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಅವನು ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ, ಮೇಲೆ ಚರ್ಮ ಅಂಟಿಸಿದ. ನೋವು ಕಡಿಮೆಯಾಗಲಿ ಅಂತ ತೆಳು ತಂತಿ ಹಾಕಿದ. ಮುಂದೆ ತಂತಿಗಳನ್ನ ಸಡಿಲ ಮಾಡಿ ಶ್ರುತಿಯನ್ನೇ ಕೆಳಗಿಳಿಸಿದ. ನಾದ ದಪ್ಪ ಆಯ್ತು, ಭಾರ ಆಯ್ತು. 1970ರ ಫೆಬ್ರವರಿ 13ರಂದು ಅವನ ಬ್ಯಾಂಡ್ ಬ್ಲ್ಯಾಕ್ ಸಬಾತ್‌ನ ಮೊದಲ ಆಲ್ಬಂ ಬಂತು. ಹೆವಿ ಮೆಟಲ್ ಇಲ್ಲಿಂದ ಶುರು ಅಂತ ಹೆಚ್ಚಿನವರು ಒಪ್ತಾರೆ. ಅದರ ನಿಧಾನವಾದ, ಭಾರವಾದ ಕವಲಿಗೆ ಮುಂದೆ ಡೂಮ್ ಅನ್ನೋ ಹೆಸರು ಬಂತು.

ಬೆಂಗಳೂರಿಗೆ ಬಂದದ್ದು

ನಮ್ಮ ಮುಂಬಯಿಯಲ್ಲಿ 1986ರಲ್ಲಿ ‘ಇಂಡಿಪೆಂಡೆನ್ಸ್ ರಾಕ್’ ಉತ್ಸವ ಶುರುವಾಯ್ತು. ರಂಗಭವನ ಈ ಜನರ ಗುಡಿಯಾಗಿತ್ತು. ಬೆಂಗಳೂರಿನಲ್ಲೂ 1980ರ ದಶಕದ ಕೊನೆಯ ಹೊತ್ತಿಗೆ ‘ಮಿಲೇನಿಯಂ’ ಅನ್ನೋ ಬ್ಯಾಂಡ್ ಇತ್ತು. ಆಗ ಇಂಟರ್ನೆಟ್ ಇಲ್ಲ. ಒಬ್ಬರ ಹತ್ತಿರ ಕ್ಯಾಸೆಟ್ ಇದ್ದರೆ ಹತ್ತು ಜನ ಕಾಪಿ ಮಾಡಿಕೊಳ್ತಿದ್ದ ಕಾಲ.

1998ರಲ್ಲಿ ನೋಲನ್ ಲೂಯಿಸ್ ಮತ್ತು ಗಣೇಶ್ ಕೃಷ್ಣಸ್ವಾಮಿ ಸೇರಿ ‘ಕ್ರಿಪ್ಟೋಸ್’ ಕಟ್ಟಿದರು. ಮೊದಲ ಆಲ್ಬಂ ‘ಸ್ಪೈರಲ್ ಅಸೆಂಟ್’ ಹೊರಬಂದದ್ದು 2004ರಲ್ಲಿ. ಲೆಕ್ಕ ಹಾಕಿ, ಆರು ವರ್ಷ! 2010ರಲ್ಲಿ ಯುರೋಪ್ ಪ್ರವಾಸ. 2013ರಲ್ಲಿ ಜರ್ಮನಿಯ ವಾಕನ್ ಉತ್ಸವದ ವೇದಿಕೆ. ಮೆಟಲ್ ಲೋಕಕ್ಕೆ ವಾಕನ್ ಅಂದರೆ ದೊಡ್ಡ ಜಾತ್ರೆ ಇದ್ದ ಹಾಗೆ. ಬ್ಯಾಂಡ್ ಕಟ್ಟಿ ಅಲ್ಲಿಗೆ ಮುಟ್ಟೋಕೆ ಹದಿನೈದು ವರ್ಷ ಹಿಡೀತು.

ಈ ನಡುವೆ 2007ರ ಮಾರ್ಚ್ 17ರಂದು ಅರಮನೆ ಮೈದಾನದಲ್ಲಿ ಐರನ್ ಮೇಡನ್ ನುಡಿಸಿತು. 2011ರ ಅಕ್ಟೋಬರ್ 30ಕ್ಕೆ ಅದೇ ಮೈದಾನಕ್ಕೆ ಮೆಟಾಲಿಕಾ ಬಂತು. ಅವತ್ತು ದೇಶದ ಮೂಲೆಮೂಲೆಯಿಂದ ಕಪ್ಪು ಟೀಶರ್ಟಿನವರು ಬೆಂಗಳೂರಿಗೆ ಬಂದಿಳಿದರು. ವಾರಸುದಾರರೇ ಇಲ್ಲ ಅಂದುಕೊಂಡಿದ್ದ ಸಂಗೀತಕ್ಕೆ ಇಷ್ಟೊಂದು ಮಂದಿ ಇದ್ದಾರಾ ಅಂತ ಊರಿಗೇ ಆಶ್ಚರ್ಯ.

ನಿಧಾನದ ದುಃಖ

ಕ್ರಿಪ್ಟೋಸ್ ಬಿಟ್ಟ ಗಣೇಶ್ ಕೃಷ್ಣಸ್ವಾಮಿ ಮುಂದೆ ಹಾಡುಗಾರರಾಗಿ ಸೇರಿದ ಬ್ಯಾಂಡೇ ಬೇವರ್ ಸೀ. ಗಿಟಾರಿಗೆ ಶ್ರೀಕಾಂತ್ ಪನಮನ್. 2012ರಲ್ಲಿ ಬ್ಯಾಂಡಿನ ಹೆಸರನ್ನೇ ಹೊತ್ತ ಮೊದಲ ಆಲ್ಬಂ, 2015ರಲ್ಲಿ ‘ಇನ್ವೋಕ್ ದ ಬಿಜಾರ್’. ಎಲ್ಲರೂ ವೇಗದ ಹಿಂದೆ ಬಿದ್ದಿದ್ದ ಕಾಲದಲ್ಲಿ ಇವರು ಬ್ಲ್ಯಾಕ್ ಸಬಾತ್‌ನ ನಿಧಾನಕ್ಕೆ ವಾಪಸ್ ಹೋದರು. ಒಂದೇ ಸ್ವರಪುಂಜವನ್ನ ಮತ್ತೆ ಮತ್ತೆ ಎಳೀತಾರೆ. ಹಾಡುಗಳು ಉದ್ದ, ಸಿನಿಮಾ ಹಾಡಿನ ಲೆಕ್ಕ ಇಲ್ಲಿ ನಡೆಯಲ್ಲ. ಗಂಟಲು ಇಂಪಾಗಿರಲಿ ಅನ್ನೋ ಹಠವೂ ಇಲ್ಲ.

‘ಇದು ಕಿರುಚಾಟ, ನಮ್ಮದಲ್ಲ’ ಅನ್ನೋ ಮಾತು ಇಲ್ಲೇ ಬರುತ್ತೆ. ಹಾಡು ಇಂಗ್ಲಿಷಿನಲ್ಲಿದೆ ನಿಜ, ವಾದ್ಯ ಹೊರಗಿನದು ನಿಜ. ಆದರೆ ನಮ್ಮ ಹಳ್ಳಿಯ ಸಾವಿನ ಮನೆಗೆ ಹೋದವರು ನೆನಪು ಮಾಡಿಕೊಳ್ಳಿ. ಹೆಂಗಸರು ಹೆಣದ ಮುಂದೆ ಕೂತು ಹಾಡಿಕೊಂಡು ಅಳ್ತಾರೆ. ಒಂದೇ ರಾಗದ ಎಳೆ, ಮತ್ತೆ ಮತ್ತೆ. ಹೊರಗೆ ತಮಟೆ. ಆ ಅಳುವಿನಲ್ಲಿ ಶ್ರುತಿ ಸರಿ ಇದೆಯಾ ಅಂತ ಯಾರೂ ಕೇಳಲ್ಲ. ಅಲ್ಲಿ ಇಂಪು ಇದ್ದರೆ ಅದು ಸುಳ್ಳು ಅನ್ನಿಸುತ್ತೆ. ಎರಡಕ್ಕೂ ರಕ್ತಸಂಬಂಧ ಇದೆ ಅಂತ ನಾನು ಹೇಳ್ತಿಲ್ಲ. ಆದರೆ ಹಸಿ ದುಃಖವನ್ನ ಹಸಿಯಾಗಿಯೇ ಕೇಳುವ ಕಿವಿ ನಮಗೆ ಹೊಸದಲ್ಲ.

ರೇಡಿಯೋ, ಸಿನಿಮಾ, ಸಂಗೀತ ಸಭೆ ಯಾವುದೂ ಈ ಸಂಗೀತವನ್ನ ಸಾಕಲಿಲ್ಲ. ಕೇಳುಗರೇ ಕ್ಯಾಸೆಟ್ ಹಂಚಿದರು, ಕೇಳುಗರೇ ಬ್ಯಾಂಡ್ ಕಟ್ಟಿದರು. ಯಾರೂ ವಾರಸು ಕೇಳದಿದ್ದಾಗ ಕೇಳಿಸಿಕೊಂಡವರೇ ವಾರಸುದಾರರಾದರು. ಬೈಗುಳವನ್ನ ಹೆಸರಾಗಿ ಹೊತ್ತುಕೊಳ್ಳೋ ಧೈರ್ಯ ಅಲ್ಲಿಂದಲೇ ಬರೋದು.

ಒಮ್ಮೆ ಕೇಳಿ ನೋಡಿ. ಹಿಡಿಸದಿದ್ದರೆ ಬೈಯಿರಿ, ಪದ ಅವರೇ ಕೊಟ್ಟಿದ್ದಾರೆ. ಮತ್ತೆ ಸಿಗೋಣ.