ಯಾವ ವಿಷಯ ಹಿಡಿದರೆ ಪತ್ರಿಕೆ ಉಳಿದೀತು?

ಜುಲೈ 1 ನಮ್ಮ ಜಿಲ್ಲೆಯ ಪತ್ರಕರ್ತರಿಗೆ ಎರಡು ಕಾರಣಕ್ಕೆ ನೆನಪಿನ ದಿನ. 1843ರಲ್ಲಿ ಆ ದಿನ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಬಂತು. 1939ರಲ್ಲಿ ಅದೇ ದಿನ ಮೈಸೂರು ಜಿಲ್ಲೆಯಿಂದ ಬೇರೆಯಾಗಿ ಮಂಡ್ಯ ಜಿಲ್ಲೆ ಆಯಿತು. ಪತ್ರಿಕಾ ದಿನಾಚರಣೆಯ ಭಾಷಣ, ಶಾಲು, ಹಾರ ಮುಗಿದ ಮೇಲೆ ಮಂಡ್ಯ, ಮದ್ದೂರು, ಮಳವಳ್ಳಿಯ ನಾವು ಮೂವರು ಟೀ ಅಂಗಡಿ ಮುಂದೆ ನಿಂತು ಪ್ರತಿ ವರ್ಷ ಆಡುವ ಮಾತು ಒಂದೇ. ನಮ್ಮದೇ ಒಂದು ಮಾಸಪತ್ರಿಕೆ ಮಾಡಿದರೆ ಯಾವ ವಿಷಯ ಹಿಡಿಯಬೇಕು? ಯಾವುದು ನಾಲ್ಕು ಕಾಸು ತರುತ್ತದೆ?

ಇದು ಹೊತ್ತು ಹೋಗದ ಮಾತಲ್ಲ. ಸುದ್ದಿಗೆ ಇಷ್ಟು ಅಂತ ಸಿಗುವ ದುಡ್ಡು ಬೈಕಿನ ಪೆಟ್ರೋಲಿಗೂ ಸಾಲದು. ಹಬ್ಬ ಬಂದರೆ ‘ಪುರವಣಿಗೆ ಜಾಹೀರಾತು ತನ್ನಿ’ ಅಂತ ಫೋನ್ ಬರುತ್ತದೆ. ಜಾಹೀರಾತು ಕೊಟ್ಟವರ ಮೇಲೆ ಆಮೇಲೆ ಪೆನ್ನು ಏಳುವುದಿಲ್ಲ. ಹಾಗಾಗಿ ನಮಗಿಂತ ಮೊದಲು ಈ ದಾರಿ ತುಳಿದವರು ಏನು ಹಿಡಿದರು, ದುಡ್ಡು ಯಾರಿಂದ ಬಂತು ಅಂತ ಹಿಂದಿರುಗಿ ನೋಡಿದೆವು.

ಮೊದಲು ಹರ್ಮನ್ ಮೋಗ್ಲಿಂಗ್. ಬಾಸೆಲ್ ಮಿಷನ್ನಿನ ಪಾದ್ರಿ. ಕಲ್ಲಚ್ಚಿನಲ್ಲಿ ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ಅವರ ಪತ್ರಿಕೆಯಲ್ಲಿ ಊರ ಸುದ್ದಿ, ಸರ್ಕಾರದ ಆದೇಶ, ಹೊರಗಿನ ವರ್ತಮಾನ, ಕಥೆ ಎಲ್ಲವೂ ಇತ್ತು. ಓದು ಬಲ್ಲವರೇ ಕಡಿಮೆ ಇದ್ದ ಕಾಲದಲ್ಲಿ ಎಲ್ಲರಿಗೂ ಎಲ್ಲವನ್ನೂ ಕೊಡುವುದು ಸರಿಯೇ ಇತ್ತು. ಆದರೆ ಅಚ್ಚುಕೂಟ ಮಿಷನ್ನಿನದು, ಮೋಗ್ಲಿಂಗರ ಹೊಟ್ಟೆಪಾಡು ಪತ್ರಿಕೆಯ ಮೇಲೆ ನಿಂತಿರಲಿಲ್ಲ. 1844ರಲ್ಲಿ ಅದು ‘ಕನ್ನಡ ಸಮಾಚಾರ’ ಎಂಬ ಹೆಸರಲ್ಲಿ ಬಳ್ಳಾರಿಗೆ ಹೋಯಿತು, ಬಹಳ ಕಾಲ ನಡೆಯಲಿಲ್ಲ. ದಾರಿ ತೋರಿದ ಪತ್ರಿಕೆ ಅದು, ಲಾಭದ ಲೆಕ್ಕ ಕಲಿಸಿದ ಪತ್ರಿಕೆ ಅಲ್ಲ.

ಆ ಲೆಕ್ಕ ಕಲಿಸಿದವರು ಪಿ. ಲಂಕೇಶ್. 1980ರಲ್ಲಿ ಶುರುವಾದ ‘ಲಂಕೇಶ್ ಪತ್ರಿಕೆ’ ಜಾಹೀರಾತೇ ಬೇಡ ಎಂದಿತು. ರಾಜಕೀಯ, ಸಿನಿಮಾ, ಸಾಹಿತ್ಯ ಎಲ್ಲ ಅದರಲ್ಲೂ ಇತ್ತು. ಆದರೆ ದುಡ್ಡು ಕೊಡುತ್ತಿದ್ದವನು ವಾರ ವಾರ ಅಂಗಡಿಗೆ ಬಂದು ಕೊಳ್ಳುವ ಓದುಗ. ನಮ್ಮ ಊರುಗಳ ಬಸ್ ನಿಲ್ದಾಣದ ಪುಸ್ತಕದಂಗಡಿಗೂ ಬರುತ್ತಿತ್ತು. ಓದುಗ ಬಿಟ್ಟು ಬೇರೆ ಯಾರ ಹಂಗೂ ಇಲ್ಲದ್ದರಿಂದ ಯಾರ ಮೇಲೆ ಬೇಕಾದರೂ ಬರೆಯಿತು. ಆದರೆ ಆ ಪತ್ರಿಕೆ ನಿಂತದ್ದು ಲಂಕೇಶ್ ಎಂಬ ಒಬ್ಬ ಬರಹಗಾರನ ಮೇಲೆ. ಅಷ್ಟು ಬಲ ನಮ್ಮ ಮೂವರ ಕೈಯಲ್ಲಿ ಇಲ್ಲ.

ನಮ್ಮಂಥವರಿಗೆ ಹತ್ತಿರದ ಪಾಠ 1988ರ ಪುತ್ತೂರಿನದು. ಅಲ್ಲಿ ಅಡಿಕೆ ಬೆಳೆಗಾರರೇ ಸೇರಿ ‘ಅಡಿಕೆ ಪತ್ರಿಕೆ’ ತೆಗೆದರು, ಶ್ರೀಪಡ್ರೆ ಸಂಪಾದಕರಾದರು. ಒಂದು ಬೆಳೆಯ ಹೆಸರಲ್ಲಿ ಮಾಸಪತ್ರಿಕೆ ಅಂದರೆ ಎಷ್ಟು ತಿಂಗಳು ಬರೆಯಲು ಸಾಧ್ಯ ಅಂತ ಯಾರಿಗಾದರೂ ಅನ್ನಿಸುತ್ತದೆ. ಅದು ಮೂರು ದಶಕ ದಾಟಿತು. ಬೆಳೆ ಒಂದೇ ಆದರೂ ಅದರ ಸುತ್ತ ರೋಗ, ಬೆಲೆ, ನೀರು, ಮರ ಹತ್ತುವ ಕೂಲಿ, ಹೊಸ ಯಂತ್ರ ಇದ್ದೇ ಇರುತ್ತವೆ. ಓದುಗನ ದುಡ್ಡು ಆ ಮರದ ಮೇಲೇ ಇದೆ, ಆದ್ದರಿಂದ ಚಂದಾ ಕಟ್ಟುತ್ತಾನೆ. ಬರೆಯುವವನೂ ಅವನೇ. ಕೃಷಿಕರ ಕೈಗೆ ಲೇಖನಿ ಕೊಡುವುದನ್ನೇ ಆ ಪತ್ರಿಕೆ ತನ್ನ ಗುರುತು ಮಾಡಿಕೊಂಡಿತು. ಬೇರು ಗಟ್ಟಿಯಾದ ಮೇಲೆ ಹಲಸು, ಬಾಳೆಕಾಯಿ ಹುಡಿಯವರೆಗೂ ಕೈ ಚಾಚಿತು.

ಅಡಿಕೆಗೂ ಮಂಡ್ಯಕ್ಕೂ ಹಳೆಯ ನಂಟೊಂದಿದೆ. ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ ಬೋರ್ಡೋ ದ್ರಾವಣದ ದಾರಿ ತೋರಿದ ಕೆನಡಾದ ಲೆಸ್ಲಿ ಕೋಲ್‌ಮನ್ ಅವರೇ ಮುಂದೆ ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿ ಮಂಡ್ಯದ ಸಕ್ಕರೆ ಕಾರ್ಖಾನೆಗೆ ದುಡಿದವರು. ಕೆಆರ್‌ಎಸ್ ನೀರು ನಾಲೆಗೆ ಬಂತು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಆಯಿತು, ರಾಗಿ ಹೊಲ ಕಬ್ಬಿನ ಗದ್ದೆಯಾಯಿತು. ಹಾಗಾದರೆ ನಮ್ಮ ವಿಷಯ ಕಬ್ಬೇ ಅಲ್ಲವೇ? ಮಂಡ್ಯದ ಗೆಳೆಯ ಅದನ್ನೇ ಹಿಡಿದು ಕೂತಿದ್ದ. ಆದರೆ ಕಾರ್ಖಾನೆಗೆ ಕಬ್ಬು ಹಾಕುವ ರೈತನಿಗೆ ಗಿರಾಕಿ ಒಬ್ಬನೇ. ಅವನಿಗೆ ಬೇಕಾದ ಸುದ್ದಿ ಎರಡು: ಕಡಿಯಲು ಯಾವಾಗ ಬರುತ್ತಾರೆ, ದುಡ್ಡು ಯಾವಾಗ ಬರುತ್ತದೆ. ಕಾರ್ಖಾನೆ ನಿಂತ ವರ್ಷಗಳಲ್ಲಿ ಅವನು ಪಟ್ಟ ಪಾಡು ನಾವೇ ವರದಿ ಮಾಡಿದ್ದೇವೆ. ಒಬ್ಬನೇ ಗಿರಾಕಿಯನ್ನು ನಂಬಿದ ಬೆಳೆಗೂ ಒಬ್ಬನೇ ಜಾಹೀರಾತುದಾರನನ್ನು ನಂಬಿದ ಪತ್ರಿಕೆಗೂ ಬರುವ ಕಷ್ಟ ಒಂದೇ.

ಮಳವಳ್ಳಿಯವನು ರೇಷ್ಮೆ ಅಂದ. ದಿನದ ಗೂಡಿನ ಬೆಲೆ ಹಾಕಿದರೆ ಸಾಕು, ಓದುತ್ತಾರೆ ಅಂದ. ಆಗ ಮದ್ದೂರಿನವನು ವಡೆಯ ಕಥೆ ತೆಗೆದ. 1917ರ ಸುಮಾರಿಗೆ ರೈಲು ನಿಲ್ದಾಣದಲ್ಲಿ ರಾಮಚಂದ್ರ ಬುಧ್ಯರು ರೈಲು ಬೇಗ ಬಂತೆಂದು ಅವಸರದಲ್ಲಿ ಹಿಟ್ಟು ತಟ್ಟಿ ಕರಿದದ್ದೇ ಮದ್ದೂರು ವಡೆ ಆಯಿತು ಎಂಬುದು ನಮ್ಮ ಕಡೆ ಎಲ್ಲರ ಬಾಯಲ್ಲಿರುವ ಮಾತು. ‘ಇಡ್ಲಿ ಆರಿದರೆ ಮುಗೀತು ಕಣಯ್ಯ. ವಡೆ ಕಟ್ಟಿಸಿಕೊಂಡು ಮನೆಗೂ ಒಯ್ಯಬಹುದು. ಬೆಲೆ ಅನ್ನೋದು ಇಡ್ಲಿ, ಸಂಜೆಗೆ ಹಳಸುತ್ತೆ. ಮೊಬೈಲಲ್ಲಿ ಪುಕ್ಕಟೆ ಸಿಗುತ್ತೆ. ತಿಂಗಳು ಇಟ್ಟುಕೊಂಡು ಓದೋದನ್ನ ಕೊಟ್ಟರೆ ದುಡ್ಡು ಕೊಡ್ತಾರೆ’ ಅಂದ. ಅದಕ್ಕೆ ನಮ್ಮಲ್ಲಿ ಉತ್ತರ ಇರಲಿಲ್ಲ.

ಕೊನೆಗೆ ಮೂರು ಪ್ರಶ್ನೆ ಇಟ್ಟುಕೊಂಡೆವು. ಓದುಗನ ದುಡ್ಡು ಆ ವಿಷಯದ ಮೇಲೆ ಇದೆಯೇ? ಕೊಳ್ಳುವವರು, ಮಾರುವವರು ಹಲವರಿದ್ದಾರೆಯೇ? ನಾವು ಬೆಂಗಳೂರಿನವರಿಗಿಂತ ಹತ್ತಿರದಿಂದ ಬರೆಯಬಲ್ಲೆವೇ? ಮೂರಕ್ಕೂ ಹೌದು ಅಂದದ್ದು ತೆಂಗು ಮತ್ತು ಎಳನೀರು. ಮದ್ದೂರಿನ ಎಳನೀರು ಮಾರುಕಟ್ಟೆ ಕಣ್ಣೆದುರೇ ಇದೆ. ಲಾರಿಗಳು ಹೊರ ರಾಜ್ಯಕ್ಕೆ ಹೋಗುತ್ತವೆ. ಕಪ್ಪು ತಲೆ ಹುಳು, ಬಿಳಿ ನೊಣ, ಕಾಯಿ ಕೀಳುವ ಆಳು, ದಲ್ಲಾಳಿಯ ಲೆಕ್ಕ, ಇವು ಮೂರು ತಾಲ್ಲೂಕಿನಲ್ಲೂ ಮನೆ ಮಾತು. ಬರೆಯಬಲ್ಲ ರೈತರೂ ಇದ್ದಾರೆ, ಕೇಳಿದವರಿಲ್ಲ ಅಷ್ಟೇ.

ಮೊದಲ ವರ್ಷ ಚಂದಾ ಮಾತ್ರ, ಶುಭ ಕೋರುವ ಜಾಹೀರಾತು ಇಲ್ಲ ಅಂತ ಮಾತಾಗಿದೆ. ದಲ್ಲಾಳಿಯ ಲೆಕ್ಕ ಬರೆಯಬೇಕಾದರೆ ದಲ್ಲಾಳಿಯ ಜಾಹೀರಾತು ಇರಬಾರದು. ಲಾಭದ ವಿಷಯ ಹುಡುಕಲು ಹೊರಟ ನಾವು, ಯಾರ ದುಡ್ಡು ಬೇಡ ಎನ್ನುವುದನ್ನೇ ಮೊದಲು ತೀರ್ಮಾನ ಮಾಡಿದ್ದೇವೆ.