ಸತ್ತ ಕಂಪನಿಯ ಕಾಗದಕ್ಕೆ ಬೆಲೆ ಎಷ್ಟು?

1865ರ ಜುಲೈ 1, ಮುಂಬಯಿಯ ಷೇರು ಪೇಟೆಯವರು ತಿಂಗಳುಗಳ ಹಿಂದೆ ಆಡಿಟ್ಟಿದ್ದ ವಾಯಿದೆ ವ್ಯವಹಾರಗಳ ಲೆಕ್ಕ ತೀರಿಸಬೇಕಾಗಿದ್ದ ದಿನ. ಕೊಡಬೇಕಾದವರ ಕೈಯಲ್ಲಿ ಹಣವಿರಲಿಲ್ಲ. ಬರಬೇಕಾದ ಹಣವನ್ನೇ ನಂಬಿ ಇನ್ನೊಬ್ಬರಿಗೆ ಮಾತು ಕೊಟ್ಟವರೂ ಜೊತೆಗೆ ಮುಳುಗಿದರು. 2,850 ರೂಪಾಯಿ ಮುಟ್ಟಿದ್ದ ಬ್ಯಾಂಕ್ ಆಫ್ ಬಾಂಬೆಯ ಷೇರು 87 ರೂಪಾಯಿಗೆ ಇಳಿಯಿತು. 1868ರಲ್ಲಿ ಬ್ಯಾಂಕೇ ಬಾಗಿಲು ಹಾಕಿತು. ಆ ಷೇರು ಪತ್ರವೊಂದು ಇಂದು ಯಾರದೋ ಮನೆಯ ಹಳೆಯ ಟ್ರಂಕಿನಿಂದ ಹೊರಬಂದರೆ, 87 ರೂಪಾಯಿಗಿಂತ ಎಷ್ಟೋ ಹೆಚ್ಚು ಕೊಟ್ಟು ಕೊಳ್ಳುವವರು ಇದ್ದಾರೆ. ಕಂಪನಿ ಸತ್ತು ಒಂದೂವರೆ ಶತಮಾನ ಕಳೆದ ಮೇಲೆ ಅದರ ಕಾಗದಕ್ಕೆ ಈ ಬೆಲೆ ಎಲ್ಲಿಂದ ಬಂತು?

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳಬೇಕು. ಹೆಸರಿನಲ್ಲಿ ನೋಂದಾದ ಷೇರಿನ ಮಟ್ಟಿಗೆ ಆಸ್ತಿ ಎಂದರೆ ಕಾಗದವಲ್ಲ, ಕಂಪನಿಯ ಷೇರುದಾರರ ಪುಸ್ತಕದಲ್ಲಿರುವ ಹೆಸರು. ಪತ್ರ ಆ ಹೆಸರಿಗೆ ಸಾಕ್ಷಿ, ಅಷ್ಟೆ. ಕಾಗದ ಸುಟ್ಟುಹೋದರೂ ಹಕ್ಕು ಉಳಿಯಬಹುದು. ಕಾಗದ ಹೊಚ್ಚಹೊಸದರಂತಿದ್ದರೂ ಹಕ್ಕು ಎಂದೋ ಕೈಬಿಟ್ಟಿರಬಹುದು. ಬೇರರ್ ವಾರಂಟ್‌ಗಳ ಮಾತು ಬೇರೆ, ಅಲ್ಲಿ ಕಾಗದ ಯಾರ ಕೈಯಲ್ಲಿದೆಯೋ ಅವರೇ ಯಜಮಾನರು. ಹಕ್ಕೆಲ್ಲ ಬತ್ತಿದ ಮೇಲೆ ಉಳಿಯುವ ಬೆಲೆ ಸಂಗ್ರಾಹಕರದ್ದು. ಅಂಚೆಚೀಟಿ, ನಾಣ್ಯಗಳ ಸಂಗ್ರಹಕ್ಕೆ ಹೋಲಿಸಿದರೆ ಇದು ಎಳೆಯ ಹವ್ಯಾಸ. 1970ರ ದಶಕದ ಕೊನೆಯಲ್ಲಿ ಇದಕ್ಕೆ ‘ಸ್ಕ್ರಿಪಾಫಿಲಿ’ ಎಂಬ ಹೆಸರು ಬಿತ್ತು. ಆದರೆ ವಸ್ತು ಹಳೆಯದು. ಈವರೆಗೆ ಸಿಕ್ಕಿರುವುದರಲ್ಲಿ ಅತಿ ಹಳೆಯ ಷೇರು ಪತ್ರವೆಂದು ಹೆಸರಾದದ್ದು ಡಚ್ ಈಸ್ಟ್ ಇಂಡಿಯಾ ಕಂಪನಿಯದು, 1606ರದು. 2010ರಲ್ಲಿ ಒಬ್ಬ ಇತಿಹಾಸದ ವಿದ್ಯಾರ್ಥಿಗೆ ನೆದರ್‌ಲ್ಯಾಂಡ್ಸಿನ ಒಂದು ಪತ್ರಾಗಾರದಲ್ಲಿ ಅದು ಕಣ್ಣಿಗೆ ಬಿತ್ತು. ನೋಡಲು ಅದೊಂದು ಕೈಬರಹದ ರಸೀದಿ. ಚಿತ್ತಾರವಿಲ್ಲ, ಸಿಂಹಲಾಂಛನವಿಲ್ಲ.

ಮುಂಬಯಿಗೆ ಮರಳೋಣ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಅಲ್ಲಿನ ದಕ್ಷಿಣದ ಬಂದರುಗಳು ಮುಚ್ಚಿದವು. ಲಂಕಾಶೈರಿನ ಗಿರಣಿಗಳಿಗೆ ಹತ್ತಿ ಬೇಕು, ಅದು ಇರುವುದು ಇಲ್ಲಿ. ದರ ಏರಿತು, ಹಣ ಹರಿಯಿತು, ಹರಿದ ಹಣಕ್ಕೆ ಹೋಗಲು ಜಾಗ ಬೇಕಾಯಿತು. ಬ್ಯಾಂಕುಗಳು, ಹಡಗು ಕಂಪನಿಗಳು, ಹತ್ತಿ ಒತ್ತುವ ಪ್ರೆಸ್‌ಗಳು, ಎಲ್ಲಕ್ಕಿಂತ ಹೆಚ್ಚಾಗಿ ಸಮುದ್ರ ತುಂಬುವ ಕಂಪನಿಗಳು ಮಳೆಗಾಲದ ಅಣಬೆಗಳಂತೆ ಎದ್ದವು. ಬ್ಯಾಕ್ ಬೇ ರೆಕ್ಲಮೇಶನ್ ಕಂಪನಿಯ 5,000 ರೂಪಾಯಿಯ ಷೇರು ಹತ್ತು ಪಟ್ಟು ಬೆಲೆಗೆ ಮಾರಾಟವಾಯಿತು. ಕಂಪನಿಯ ಹತ್ತಿರ ಇದ್ದದ್ದಾದರೂ ಏನು? ಇನ್ನೂ ನೀರಿನಡಿ ಇದ್ದ ಭೂಮಿ. ಬ್ಯಾಂಕುಗಳು ಇಂಥ ಷೇರುಗಳನ್ನೇ ಅಡವಿಟ್ಟುಕೊಂಡು ಸಾಲ ಕೊಟ್ಟವು, ಆ ಸಾಲದಿಂದ ಜನ ಮತ್ತೆ ಷೇರು ಕೊಂಡರು. ಇದರ ನಡುವೆ ನಿಂತಿದ್ದವನು ಪ್ರೇಮ್‌ಚಂದ್ ರಾಯ್‌ಚಂದ್. ಅವನ ಮಾತು ಬ್ಯಾಂಕ್ ಆಫ್ ಬಾಂಬೆಯಲ್ಲಿ ಎಷ್ಟು ನಡೆಯುತ್ತಿತ್ತೆಂಬುದು ಮುಂದೆ ವಿಚಾರಣಾ ಆಯೋಗದ ಮುಂದೆ ಬಂತು. 1865ರ ಏಪ್ರಿಲ್‌ನಲ್ಲಿ ಜನರಲ್ ಲೀ ಶರಣಾದ ಸುದ್ದಿ ಬಂದದ್ದೇ ಹತ್ತಿಯ ದರ ಕುಸಿಯಿತು, ಅದರ ಹಿಂದೆ ಉಳಿದೆಲ್ಲವೂ. ನಾವು ದಿನವೂ ಚರ್ನಿ ರೋಡಿನಿಂದ ಚರ್ಚ್‌ಗೇಟಿಗೆ ಲೋಕಲ್‌ನಲ್ಲಿ ಹೋಗುತ್ತೇವಲ್ಲ, ಆ ಹಳಿಯ ಕೆಳಗಿನ ನೆಲ ಆ ಹುಚ್ಚಾಟದ ಉಳಿಕೆ. ರಾಜಾಬಾಯಿ ಟವರ್ ಪ್ರೇಮ್‌ಚಂದ್ ತನ್ನ ತಾಯಿಯ ಹೆಸರಿನಲ್ಲಿ ಕೊಟ್ಟ ದುಡ್ಡಿನದು. ಕಾಗದ ಹಾರಿಹೋಯಿತು, ಕಲ್ಲು ಉಳಿಯಿತು.

ಈ ಕತೆಯಲ್ಲಿ ನಮ್ಮ ಧಾರವಾಡವೂ ಇದೆ. 1840ರ ದಶಕದಿಂದ ಧಾರವಾಡ ಸೀಮೆಯಲ್ಲಿ ಅಮೆರಿಕದ ತಳಿಯ ಹತ್ತಿ ಬೆಳೆಯುತ್ತಿತ್ತು. ಲಿವರ್‌ಪೂಲ್ ಮಾರುಕಟ್ಟೆಯ ದರಪಟ್ಟಿಯಲ್ಲಿ ‘ಧಾರವಾರ್’ ಎಂಬುದಕ್ಕೆ ತನ್ನದೇ ಸಾಲಿತ್ತು. ಈ ಹತ್ತಿಯನ್ನು ಘಟ್ಟ ಇಳಿಸಿ ಹಡಗು ಹತ್ತಿಸಲು ಕಾರವಾರವೇ ಸರಿಯೆಂದು ಮ್ಯಾಂಚೆಸ್ಟರಿನ ವರ್ತಕರು ಒತ್ತಾಯ ಹೇರಿದರು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಈ ಒತ್ತಾಯವಿತ್ತು. ಆ ಕಡೆಯವರು ಮುಂಬಯಿಯ ಕಡೆ ಮುಖ ಮಾಡಿದ್ದಕ್ಕೆ ಹತ್ತಿಯ ಷೇರುಗಳೂ ಒಂದು ಕಾರಣ ಎಂದರೆ ಅತಿಶಯವಾಗದು. ಮ್ಯಾಂಚೆಸ್ಟರ್ ಕಾಟನ್ ಕಂಪನಿ ಎಂಬುದು ಸದಾಶಿವಗಡಕ್ಕೆ ಯಂತ್ರಗಳನ್ನೂ ತಂದಿಳಿಸಿತು. ಧಕ್ಕೆಯಿಲ್ಲ, ಘಟ್ಟದ ರಸ್ತೆ ಮುಗಿದಿಲ್ಲ. ಕೆಲವೇ ವರ್ಷಗಳಲ್ಲಿ ಕಂಪನಿಯೂ ಇಲ್ಲವಾಯಿತು. ಅದರ ಒಂದು ಷೇರು ಪತ್ರ ಕೈಗೆ ಸಿಕ್ಕರೆ, ಹರಾಜಿನವರು ಏನೇ ಹೇಳಲಿ, ನಾನಂತೂ ಅದನ್ನು ರಾಕ್‌ಫೆಲ್ಲರ್ ಸಹಿಯಿರುವ ಸ್ಟ್ಯಾಂಡರ್ಡ್ ಆಯಿಲ್ ಪತ್ರಕ್ಕೆ ಬದಲಾಗಿ ಕೊಡಲಾರೆ.

ರೈಲ್ವೆ ಷೇರುಗಳದು ಇದಕ್ಕೆ ತದ್ವಿರುದ್ಧ ಕತೆ. ಅಲ್ಲಿ ಮುಳುಗುವ ಭಯವೇ ಇರಲಿಲ್ಲ. 1849ರ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಬಂಡವಾಳಕ್ಕೆ ಶೇಕಡಾ 5ರ ಬಡ್ಡಿ ಖಾತರಿಯಾಗಿತ್ತು. ರೈಲು ಲಾಭ ಮಾಡಲಿ ಬಿಡಲಿ, ಕೊರತೆಯಾದದ್ದನ್ನು ಭಾರತದ ಕಂದಾಯದಿಂದ ತುಂಬಿಕೊಡಬೇಕು. ಲಂಡನ್ನಿನ ವಿಧವೆಯರು, ಪಾದ್ರಿಗಳು ನಿಶ್ಚಿಂತೆಯಿಂದ ಕೊಂಡರು. ಲಾಭ ಅವರದು, ನಷ್ಟ ನಮ್ಮ ರೈತರದು. ಹುಬ್ಬಳ್ಳಿ, ಗದಗಗಳಿಗೆ ರೈಲು ತಂದ ಸದರ್ನ್ ಮರಾಠಾ ರೈಲ್ವೆ ಹುಟ್ಟಿದ್ದು 1882ರಲ್ಲಿ. 1908ರಲ್ಲಿ ಅದು ಮದ್ರಾಸ್ ರೈಲ್ವೆಯ ಜೊತೆ ಕೂಡಿ ಎಂ. ಅಂಡ್ ಎಸ್. ಎಂ. ಆಯಿತು. ಇಂಥ ಕಂಪನಿಯೊಂದು ಇನ್ನೊಂದರೊಳಗೆ ಸೇರಿದಾಗ ಹಳೆಯ ಪತ್ರಗಳನ್ನು ವಾಪಸು ಪಡೆದು ರದ್ದು ಮಾಡುವುದು ವಾಡಿಕೆ. ಆದ್ದರಿಂದ ಚೆನ್ನಾಗಿ ನಡೆದ ಕಂಪನಿಗಳ ಹಳೆಯ ಪತ್ರಗಳೇ ಎಷ್ಟೋ ಸಲ ಅಪರೂಪ. ದಿವಾಳಿಯಾದವುಗಳನ್ನು ಯಾರೂ ವಾಪಸು ಕೇಳುವುದಿಲ್ಲ, ಅವು ಮನೆಮನೆಯಲ್ಲಿ ಉಳಿಯುತ್ತವೆ. ಬೊಲ್ಶೆವಿಕರು 1918ರಲ್ಲಿ ಸಾಲ ನಿರಾಕರಿಸಿದ ಮೇಲೆ ರಷ್ಯದ ರೈಲ್ವೆ ಬಾಂಡುಗಳು ಫ್ರಾನ್ಸಿನ ಅಟ್ಟಗಳಲ್ಲಿ ಲಕ್ಷಗಟ್ಟಲೆ ಬಿದ್ದಿದ್ದವು. ಅಚ್ಚು ಬಹಳ ಚೆಂದ, ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕಬಹುದು, ಬೆಲೆ ಮಾತ್ರ ಕಡಿಮೆ. 1996ರಲ್ಲಿ ರಷ್ಯ ಈ ಬಾಬತ್ತಿಗೆ ಫ್ರಾನ್ಸಿಗೆ 40 ಕೋಟಿ ಡಾಲರ್ ಕೊಡಲು ಒಪ್ಪಿದಾಗ ಎಷ್ಟೋ ಜನ ಅಟ್ಟ ಹತ್ತಿದರು. ಪಾಲು ಹಂಚಿದರೆ ತಲೆಗೆ ಬಂದದ್ದು ಅಲ್ಪವೇ. ಆದರೂ ಸತ್ತಿತೆಂದುಕೊಂಡ ಕಾಗದ ಎಂಬತ್ತು ವರ್ಷಗಳಾಗುತ್ತ ಬಂದಾಗ ಒಮ್ಮೆ ಕಣ್ಣು ಬಿಟ್ಟದ್ದು ನಿಜ.

ಕರ್ನಾಟಕದ ಮಟ್ಟಿಗೆ ಸಂಗ್ರಾಹಕರು ಹುಡುಕುವುದು ಚಿನ್ನದ ಗಣಿಯ ಪತ್ರಗಳನ್ನು. ಅದಕ್ಕೆ ಮುನ್ನುಡಿ ವಯನಾಡಿನದು. ಆಸ್ಟ್ರೇಲಿಯದಿಂದ ಕರೆಸಿದ ರಾಬರ್ಟ್ ಬ್ರೌ ಸ್ಮಿತ್ ಎಂಬ ಗಣಿ ತಜ್ಞ ಅಲ್ಲಿ ಚಿನ್ನವಿದೆ ಎಂದು ಉತ್ಸಾಹದ ವರದಿ ಬರೆದ. 1880ರ ಸುಮಾರಿಗೆ ಲಂಡನ್ನಿನಲ್ಲಿ ಮೂವತ್ತಕ್ಕೂ ಹೆಚ್ಚು ಕಂಪನಿಗಳು ಹುಟ್ಟಿದವು. ಕಾಫಿ ತೋಟಗಳು ಚಿನ್ನದ ಬೆಲೆಗೆ ಕೈ ಬದಲಿಸಿದವು. ದೇವಾಲ, ಪಂದಲೂರಿನ ಕಾಡಿನೊಳಗೆ ಯಂತ್ರಗಳು ಬಂದವು, ಚಿನ್ನ ಬರಲಿಲ್ಲ. ಎರಡು ಮೂರು ವರ್ಷಗಳಲ್ಲಿ ಎಲ್ಲ ಮುಗಿಯಿತು. ಈ ಹೊಡೆತ ತಿಂದ ಲಂಡನ್ನಿನವರ ಮುಂದೆ ಕೋಲಾರ ಎಂದರೂ ಮುಖ ತಿರುಗಿಸುವಂತಾಯಿತು. 1880ರಲ್ಲಿ ಸ್ಥಾಪನೆಯಾದ ಮೈಸೂರು ಗೋಲ್ಡ್ ಮೈನಿಂಗ್ ಕಂಪನಿಯ ಬಂಡವಾಳ ಬಹುಪಾಲು ಕರಗಿಹೋಗಿತ್ತು, ಷೇರು ನೆಲಕಚ್ಚಿತ್ತು. ಮುಚ್ಚಿಬಿಡೋಣ ಎಂದವರಿದ್ದರು. ಜಾನ್ ಟೇಲರ್ ಅಂಡ್ ಸನ್ಸ್‌ನವರು ಉಳಿದ ಹಣದಿಂದ ಇನ್ನಷ್ಟು ಆಳಕ್ಕೆ ಹೋಗೋಣ ಎಂದು ಒಪ್ಪಿಸಿ ಕ್ಯಾಪ್ಟನ್ ಪ್ಲಮರ್‌ನನ್ನು ಕಳುಹಿಸಿದರು. ಪುರಾತನರು ತೋಡಿಬಿಟ್ಟಿದ್ದ ಹಳೆಯ ಗುಂಡಿಗಳ ಕೆಳಗೇ ಅವನಿಗೆ ಚಾಂಪಿಯನ್ ರೀಫ್ ಸಿಕ್ಕಿತು.

ಹೀಗಾಗಿ ಕೋಲಾರದ ಪತ್ರಗಳಲ್ಲಿ ತಾರೀಖು ನೋಡುವುದೇ ಮೊದಲ ಕೆಲಸ. ಚಿನ್ನದ ಸಾಲು ಸಿಗುವ ಮೊದಲಿನ ಪತ್ರ ಒಂದು ಜಾತಿ, ಅದು ಜೂಜುಗಾರನ ಕಾಗದ. ನಂತರದ್ದು ಇನ್ನೊಂದು ಜಾತಿ, ಕುಳಿತಲ್ಲಿ ಲಾಭಾಂಶ ಎಣಿಸಿದವನ ಕಾಗದ. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಈ ನಾಲ್ಕು ದೊಡ್ಡ ಹೆಸರುಗಳು. ಬಾಲಘಾಟ್‌ನಂಥ ಸಣ್ಣವೂ ಇದ್ದವು, ಅವು ಹೆಚ್ಚು ಅಪರೂಪ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹೋದದ್ದು ಈ ಗಣಿಗಳಿಗೆ, ನಮ್ಮ ಊರುಗಳಿಗಲ್ಲ. 1956ರಲ್ಲಿ ಮೈಸೂರು ರಾಜ್ಯ ಗಣಿಗಳನ್ನು ವಹಿಸಿಕೊಂಡಿತು, 1962ರಲ್ಲಿ ಕೇಂದ್ರ, 2001ರ ಫೆಬ್ರವರಿ 28ರಂದು ಬೀಗ. ಒಟ್ಟು ತೆಗೆದ ಚಿನ್ನ ಸುಮಾರು 800 ಟನ್. ಷೇರು ಪತ್ರದಲ್ಲಿ ಷೇರುದಾರನ ಹೆಸರಿದೆ, ನಿರ್ದೇಶಕರ ಸಹಿ ಇದೆ, ಕಾರ್ಯದರ್ಶಿಯ ಸಹಿ ಇದೆ. ಮೂರು ಕಿಲೋಮೀಟರ್ ಆಳದ ಬೇಗೆಯಲ್ಲಿ ಬಂಡೆ ಸಿಡಿದು ಸತ್ತ ತಮಿಳು, ತೆಲುಗು, ಕನ್ನಡದ ಕೂಲಿಗಳಿಗೆ ಇಂಥ ಯಾವ ಕಾಗದವೂ ಇಲ್ಲ. ಇಂಥ ಪತ್ರವನ್ನು ಚೆಂದವಾಗಿದೆ ಎಂದು ಮಾತ್ರ ಕೊಳ್ಳುವವರನ್ನು ಕಂಡರೆ ನನಗೆ ಸ್ವಲ್ಪ ಕಸಿವಿಸಿ.

ಇನ್ನು ಬೆಲೆ ಕಟ್ಟುವ ಮಾತು. ವ್ಯಾಪಾರಿಗಳು ಮೊದಲು ಮುಂಭಾಗ ತೋರಿಸುತ್ತಾರೆ: ಗಿರಣಿಯ ಚಿತ್ರ, ಲಕ್ಷ್ಮಿ, ಹಡಗು, ಬಣ್ಣದ ಅಂಚು. ನೀವು ಪತ್ರವನ್ನು ತಿರುಗಿಸಿ ಹಿಂಭಾಗ ನೋಡಿ. ಯಾರಿಂದ ಯಾರಿಗೆ, ಯಾವ ದಿನ ವರ್ಗವಾಯಿತು ಎಂಬ ನಮೂದುಗಳು ಎಷ್ಟೋ ಪತ್ರಗಳಲ್ಲಿ ಅಲ್ಲಿರುತ್ತವೆ. ಗಂಡನಿಂದ ವಿಧವೆಗೆ, ಅವಳಿಂದ ದಲಾಲನಿಗೆ, ದಲಾಲನಿಂದ ಬ್ಯಾಂಕಿಗೆ ಅಡಮಾನ. ಒಂದು ಮನೆತನ ಇಳಿದುಹೋದದ್ದು ನಾಲ್ಕು ಸಾಲಿನಲ್ಲಿ ಕಾಣುತ್ತದೆ. ಆಮೇಲೆ ಪತ್ರ ನಿಜವಾಗಿ ವಿತರಣೆಯಾದದ್ದೋ ಅಥವಾ ಅಚ್ಚಿನ ಮನೆಯಲ್ಲೇ ಮಿಕ್ಕಿದ ಖಾಲಿ ಹಾಳೆಯೋ ನೋಡಬೇಕು. ಕ್ರಮಸಂಖ್ಯೆ, ಹೆಸರು, ತಾರೀಖು, ಸಹಿ, ಕಂಪನಿಯ ಉಬ್ಬು ಮೊಹರು, ರೆವಿನ್ಯೂ ಸ್ಟಾಂಪು ಇದ್ದರೆ ಅದು ಬದುಕಿದ್ದ ಪತ್ರ. ಖಾಲಿ ಹಾಳೆ ಎಷ್ಟೇ ಶುಭ್ರವಾಗಿದ್ದರೂ ಸಾಮಾನ್ಯವಾಗಿ ಅಗ್ಗ. ರದ್ದಾದದ್ದಕ್ಕೆ ಹೊಡೆದ ತೂತು ದೋಷವಲ್ಲ, ಅದು ನಿರ್ದೇಶಕನ ಸಹಿಯ ಮೇಲೇ ಬಿದ್ದಿದ್ದರೆ ಮಾತ್ರ ನಷ್ಟ. ದೊಡ್ಡವರ ಸಹಿ ಇದ್ದರೆ ಬೆಲೆ ಏರುತ್ತದೆ, ಆದರೆ ಕೈಸಹಿಯೋ ಅಚ್ಚಿನ ಸಹಿಯೋ ಎಂದು ಭೂತಗನ್ನಡಿ ಹಿಡಿದು ನೋಡದೆ ದುಡ್ಡು ಬಿಚ್ಚಬಾರದು. ಮಡಿಕೆಯ ಗೆರೆ, ಅಂಚಿನ ಹರುಕು ನೂರು ವರ್ಷದ ಕಾಗದಕ್ಕೆ ಸಹಜ. ಗೆದ್ದಲು ತಿಂದದ್ದು, ಸೆಲೋ ಟೇಪು ಅಂಟಿಸಿದ್ದು ಬೇರೆ. ಹಳೆಯದೆಂಬ ಒಂದೇ ಕಾರಣಕ್ಕೆ ಬೆಲೆ ಬಾರದು. ಅದೇ ಕಂಪನಿಯ ಪತ್ರಗಳು ಎಷ್ಟು ಉಳಿದಿವೆ, ಅದನ್ನು ಬಯಸುವವರು ಎಷ್ಟು ಜನ ಎಂಬುದೇ ಲೆಕ್ಕ.

ಆದರೆ ಸಂಗ್ರಾಹಕನ ಕಡೆ ಹೋಗುವ ಮೊದಲು ಇನ್ನೊಂದು ಬಾಗಿಲು ತಟ್ಟಬೇಕು, ವಿಶೇಷವಾಗಿ ನಮ್ಮವರು. ಕರಾವಳಿಯಿಂದ ಮುಂಬಯಿಗೆ ಬಂದ ಕುಟುಂಬಗಳ ಟ್ರಂಕುಗಳಲ್ಲಿ ಜಾತಕ, ಜಮೀನಿನ ಪಹಣಿಗಳ ನಡುವೆ ಬ್ಯಾಂಕಿನ ಷೇರುಗಳೂ ಇರುವುದುಂಟು. 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಮಂಗಳೂರಿನಲ್ಲಿ ಕೆನರಾ ಹಿಂದೂ ಪರ್ಮನೆಂಟ್ ಫಂಡ್ ತೆರೆದಾಗ ಒಂದು ಷೇರಿಗೆ 50 ರೂಪಾಯಿ. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳುತನದಲ್ಲಿ ಕಾರ್ಪೊರೇಶನ್ ಬ್ಯಾಂಕಿನ ಮೂಲ ಸಂಸ್ಥೆ, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. 1969 ಮತ್ತು 1980ರ ರಾಷ್ಟ್ರೀಕರಣದಲ್ಲಿ ಸರ್ಕಾರ ವಹಿಸಿಕೊಂಡದ್ದು ಈ ಕಂಪನಿಗಳ ಬ್ಯಾಂಕಿಂಗ್ ವ್ಯವಹಾರವನ್ನು, ಪರಿಹಾರ ಹೋದದ್ದು ಹಳೆಯ ಕಂಪನಿಗಳಿಗೆ. ಹಾಗಾಗಿ ಅಜ್ಜನ ಕಾಲದ ಕೆನರಾ ಬ್ಯಾಂಕಿನ ಪತ್ರ ಹಿಡಿದು ಇಂದಿನ ಕೆನರಾ ಬ್ಯಾಂಕಿನ ಷೇರು ಕೇಳಲಾಗದು. ಅಂಥ ಪತ್ರದ ಬೆಲೆ ಮನೆತನದ್ದು, ಸಂಗ್ರಾಹಕರದ್ದು.

ಬೇರೆ ಕಂಪನಿಗಳದಾದರೆ ಹಾಗಲ್ಲ. ಹೆಸರು ಬದಲಾಗಿರಬಹುದು, ಇನ್ನೊಂದರಲ್ಲಿ ಸೇರಿರಬಹುದು, ಬೋನಸ್ ಷೇರು ಕೊಟ್ಟಿರಬಹುದು. ಏಳು ವರ್ಷ ಲಾಭಾಂಶ ಪಡೆಯದೆ ಬಿಟ್ಟ ಷೇರುಗಳು ಈಗ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ ಹೋಗುತ್ತವೆ. ಹೋದ ಮೇಲೂ ವಾರಸುದಾರರು ದಾಖಲೆ ತೋರಿಸಿ ವಾಪಸು ಕೇಳಬಹುದು. ಕಾಗದದ ಷೇರನ್ನು ಮಾರುವುದು 2019ರ ಏಪ್ರಿಲ್‌ನಿಂದ ಮೊದಲಿನಂತೆ ಸಾಧ್ಯವಿಲ್ಲ, ಡಿಮ್ಯಾಟ್ ಮಾಡಿಸಲೇಬೇಕು. ಕೆಲಸ ನಿಧಾನದ್ದು, ಮರಣಪತ್ರ, ವಾರಸಾ ಪತ್ರ ಎಂದು ಅಲೆದಾಟವಿದೆ. ಆದರೂ ಕಂಪನಿಯ ಹೆಸರು ಈಗ ಏನಾಗಿದೆ ಎಂದು ಪತ್ತೆ ಹಚ್ಚುವ ಮೊದಲು ಚೋರ್ ಬಜಾರಿನವನಿಗೆ ಕೊಟ್ಟುಬಿಟ್ಟರೆ, ಸಾಕ್ಷಿಯನ್ನೇ ಮಾರಿದ ಹಾಗೆ.

ಎರಡೂ ಅಲ್ಲವೆಂದು ಗೊತ್ತಾಗಿ ಮನೆಯಲ್ಲೇ ಇಟ್ಟುಕೊಳ್ಳುವುದಾದರೆ, ಪಿನ್ನು ತೆಗೆದು, ಆಮ್ಲವಿಲ್ಲದ ಕಾಗದದ ನಡುವೆ ಚಪ್ಪಟೆಯಾಗಿ ಇಡಿ. ಮುಂಬಯಿಯ ಮಳೆಗಾಲದ ತೇವದಿಂದ ದೂರ, ಬಿಸಿಲು ಬೀಳುವ ಗೋಡೆಯಿಂದಲೂ ದೂರ. ಬೀದಿ ತುದಿಯ ಝೆರಾಕ್ಸ್ ಅಂಗಡಿಗೆ ಒಯ್ದು ಲ್ಯಾಮಿನೇಶನ್ ಮಾತ್ರ ಮಾಡಿಸಬೇಡಿ.