ಗ್ರುನ್‌ಫೆಲ್ಡ್ ರಕ್ಷಣೆ ಮತ್ತು ಕಲ್ಕತ್ತೆಯ ಪಂದ್ಯ

ಚದುರಂಗದ ತೀಕ್ಷ್ಣ ರಕ್ಷಣಾ ಪದ್ಧತಿಗಳಲ್ಲೊಂದಾದ ಗ್ರುನ್‌ಫೆಲ್ಡ್ ಡಿಫೆನ್ಸ್ ಆಸ್ಟ್ರಿಯಾದ ಅರ್ನ್‌ಸ್ಟ್ ಗ್ರುನ್‌ಫೆಲ್ಡ್ (1893–1962) ಅವರ ಹೆಸರನ್ನು ಹೊತ್ತಿದೆ. 1922ರಲ್ಲಿ ವಿಯೆನ್ನಾದಲ್ಲಿ ಅವರು ಇದೇ ರಕ್ಷಣೆಯಿಂದ ಅಲೆಖಿನ್‌ರನ್ನು ಸೋಲಿಸಿದರು. ಆದರೆ ಈ ರಕ್ಷಣೆ ಕಂಡುಬರುವ, ತಿಳಿದಿರುವ ಮೊದಲ ಪಂದ್ಯ ನಡೆದದ್ದು 1855ರಲ್ಲಿ, ಕಲ್ಕತ್ತೆಯಲ್ಲಿ.

ಆ ಪಂದ್ಯದಲ್ಲಿ ಬಿಳಿ ಕಾಯಿಗಳು ಸ್ಕಾಟ್‌ಲೆಂಡಿನ ಬ್ಯಾರಿಸ್ಟರ್ ಜಾನ್ ಕಾಕ್ರೇನ್ ಅವರವು. ಕಪ್ಪು ಕಾಯಿಗಳು ಬಂಗಾಳದ ಮಹೇಶಚಂದ್ರ ಬಂದ್ಯೋಪಾಧ್ಯಾಯರವು. ಹಳೆಯ ದೇಶೀ ಚದುರಂಗದಲ್ಲಿ ಕಾಲಾಳು ಸಾಮಾನ್ಯವಾಗಿ ಮೊದಲ ನಡೆಯಲ್ಲಿಯೂ ಒಂದೇ ಮನೆ ಮುಂದುವರಿಯುತ್ತಿತ್ತು. ಆದ್ದರಿಂದ ದೇಶೀ ಆಟಗಾರರಿಗೆ ನಡುಮನೆಗಳನ್ನು ಎದುರಾಳಿಗೆ ಬಿಟ್ಟು, ಬದಿಯಿಂದ ಒಂಟೆಯನ್ನು ಹೂಡಿ, ಅನಂತರ ನಡುವಿಗೆ ಪೆಟ್ಟು ಕೊಡುವುದು ಸಹಜವಾಗಿತ್ತು. ಇಂತಹ ಆರಂಭಗಳಿಗೆ ಮುಂದೆ 'ಇಂಡಿಯನ್ ಡಿಫೆನ್ಸ್' ಎಂಬ ಹೆಸರು ಬಂದಿತು.

ಬಿಳಿಯ ಡಿ4, ಸಿ4 ಹಾಗೂ ಸಿ3ರ ಕುದುರೆಗೆ ಮಹೇಶಚಂದ್ರರು ಎಫ್6ರ ಕುದುರೆ, ಜಿ6 ಹಾಗೂ ಡಿ5ರಿಂದ ಉತ್ತರಿಸಿದರು. ಗ್ರುನ್‌ಫೆಲ್ಡ್ ಎಂದು ಇಂದು ಕರೆಯುವುದು ಇದನ್ನೇ. 8ನೆಯ ನಡೆಯಲ್ಲಿ ಸಿ5ರಿಂದ ನಡುವಿನ ಮೇಲೆ ದಾಳಿಯೂ ಆರಂಭವಾಯಿತು. ಆದರೆ 17ನೆಯ ನಡೆಯಲ್ಲಿ ಕಾಕ್ರೇನ್ ತಮ್ಮ ಒಂಟೆಯನ್ನು ಬಲಿಗಿಟ್ಟು ಕುದುರೆಯನ್ನು ಜಿ5ಕ್ಕೆ ಹಾರಿಸಿದರು. ಕಪ್ಪು ಒಂಟೆಯನ್ನು ಹೊಡೆಯಿತು. ಕುದುರೆ ಎಫ್7ರ ಕಾಲಾಳನ್ನು ಹೊಡೆಯಿತು. ಮುಂದೆ ಎಚ್6ರಿಂದ ಇಮ್ಮಡಿ ಚೆಕ್, ಜಿ8ರಲ್ಲಿ ಮಂತ್ರಿಯ ಬಲಿ, ಮತ್ತೆ ಎಫ್7ರಲ್ಲಿ ಕುದುರೆಯಿಂದ ಚೆಕ್‌ಮೇಟ್! ತನ್ನ ಕಾಯಿಗಳ ನಡುವೆಯೇ ಕಪ್ಪು ರಾಜ ಸಿಕ್ಕಿಬೀಳುವ ಅಂತ್ಯವದು.

ಅದೇ ಕಾಲದಲ್ಲಿ ಕುದುರೆಯ ನಡೆಗೆ ಮನಸೋತ ಮತ್ತೊಬ್ಬರು ಕನ್ನಡ ನಾಡಿನಲ್ಲಿದ್ದರು. ಚಿಕ್ಕಮಗಳೂರು ಸೀಮೆಯೂ ಸೇರಿದ್ದ ಮೈಸೂರು ಸಂಸ್ಥಾನದ ಅರಸರಾದ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) 1831ರಲ್ಲಿ ಆಡಳಿತ ಕಳೆದುಕೊಂಡಿದ್ದರು. ಕುದುರೆಯು ಪಟದ ಪ್ರತಿ ಮನೆಯನ್ನೂ ಒಂದೊಂದೇ ಸಲ ಮುಟ್ಟುವ ಸಂಚಾರಬಂಧಗಳನ್ನು ಅವರು ರಚಿಸಿದರು.

ಮಹೇಶಚಂದ್ರರೊಡನೆ 1848ರಲ್ಲಿ ಆಡಿದ ಮತ್ತೊಂದು ಪಂದ್ಯದಲ್ಲಿ ಕಾಕ್ರೇನ್ ಎಫ್7ರಲ್ಲಿಯೇ ಕುದುರೆಯನ್ನು ಬಲಿಕೊಟ್ಟಿದ್ದರು. ಪೆಟ್ರೋವ್ ಡಿಫೆನ್ಸ್‌ನ ಆ ಕವಲು ಇಂದಿಗೂ 'ಕಾಕ್ರೇನ್ ಗ್ಯಾಂಬಿಟ್' ಎನಿಸಿಕೊಂಡಿದೆ. ಗ್ರುನ್‌ಫೆಲ್ಡ್‌ನ ಹಾದಿಯನ್ನು ಮೊದಲು ತುಳಿದ ಮಹೇಶಚಂದ್ರರಿಗೆ ಮಾತ್ರ ಆ ಪಂದ್ಯವೂ ದಕ್ಕಲಿಲ್ಲ, ಹೆಸರೂ ದಕ್ಕಲಿಲ್ಲ. ಉಳಿದಿರುವುದು ದೇಶದ ಹೆಸರು: ಕಿಂಗ್ಸ್ ಇಂಡಿಯನ್, ನಿಮ್ಜೊ ಇಂಡಿಯನ್, ಕ್ವೀನ್ಸ್ ಇಂಡಿಯನ್.